ಬ್ರೆಂಡಾ ಲೀ: ಒಬ್ಬ ಬಾಲಗಾಯಕಿಯ ಹಾಡು ಮತ್ತು ದುಡಿಮೆ



1956ರಲ್ಲಿ ಅಮೆರಿಕದ ಡೆಕ್ಕಾ ಕಂಪನಿ ಒಬ್ಬ ಪುಟ್ಟ ಹುಡುಗಿಯ ಮೊದಲ ಗ್ರಾಮಫೋನ್ ರೆಕಾರ್ಡನ್ನು ಹೊರತಂದಿತು. ರೆಕಾರ್ಡಿನ ಮೇಲೆ ಅವಳ ಹೆಸರಿನ ಜೊತೆಗೆ ವಯಸ್ಸನ್ನೂ ಮುದ್ರಿಸಲಾಗಿತ್ತು: 9 ವರ್ಷ. ಆದರೆ ಅವಳಿಗೆ ಆಗಲೇ 11 ತುಂಬಿತ್ತು. ಹುಡುಗಿ ಚಿಕ್ಕವಳಾದಷ್ಟೂ ಜನರಿಗೆ ಬೆರಗು ಹೆಚ್ಚು, ಬೆರಗು ಹೆಚ್ಚಿದಷ್ಟೂ ಮಾರಾಟ ಹೆಚ್ಚು. ಈ ಲೆಕ್ಕ ಹಾಕಿದವರು ದೊಡ್ಡವರು. ಹಾಡಿದವಳು ಮಾತ್ರ ಮಗು.

ಆ ಹುಡುಗಿಯೇ ಬ್ರೆಂಡಾ ಲೀ. ಪ್ರತಿಭೆಯುಳ್ಳ ಮಗುವಿನ ವಿಷಯದಲ್ಲಿ ದೊಡ್ಡವರ ಜವಾಬ್ದಾರಿ ಏನು ಎಂಬುದನ್ನು ಅವಳ ಬದುಕಿನಿಂದ ತಿಳಿಯಲು ಪ್ರಯತ್ನಿಸೋಣ.

ಕಂಟ್ರಿ ಸಂಗೀತ ಎಂದರೇನು?

ಅಮೆರಿಕದ ದಕ್ಷಿಣ ರಾಜ್ಯಗಳ ಹಳ್ಳಿಗಾಡಿನಲ್ಲಿ ಬೆಳೆದ ಜನಪ್ರಿಯ ಸಂಗೀತವೇ ಕಂಟ್ರಿ. ಯುರೋಪಿನಿಂದ ವಲಸೆ ಬಂದವರು ಪಿಟೀಲನ್ನು ತಂದರು. ಗುಲಾಮರಾಗಿ ಸಾಗಿಸಲ್ಪಟ್ಟ ಆಫ್ರಿಕನ್ನರಿಂದ ಬ್ಯಾಂಜೊ ವಾದ್ಯ ಬಂತು. ಇವೆರಡರ ಜೊತೆ ಗಿಟಾರ್ ಸೇರಿತು. ಹೊಲ, ರೈಲು, ಬಡತನ, ಅಗಲಿಕೆ, ದೇವರ ಮೇಲಿನ ಭರವಸೆ ಇವೇ ಅದರ ವಸ್ತು. ಟೆನ್ನೆಸೀ ರಾಜ್ಯದ ನ್ಯಾಶ್‌ವಿಲ್ ನಗರ ಅದರ ರಾಜಧಾನಿ ಇದ್ದಂತೆ. ಅಲ್ಲಿ 1925ರಲ್ಲಿ ಆರಂಭವಾದ 'ಗ್ರ್ಯಾಂಡ್ ಓಲ್ ಆಪ್ರಿ' ಎಂಬ ರೇಡಿಯೊ ಕಾರ್ಯಕ್ರಮ ಇಂದಿಗೂ ನಡೆಯುತ್ತಿದೆ.

ಬಾಲ್ಯ

ಬ್ರೆಂಡಾ ಹುಟ್ಟಿದ್ದು 1944ರ ಡಿಸೆಂಬರ್ 11ರಂದು, ಜಾರ್ಜಿಯಾ ರಾಜ್ಯದ ಅಟ್ಲಾಂಟಾದಲ್ಲಿ. ಮನೆತನದ ಹೆಸರು ಟಾರ್ಪ್ಲಿ. ಕಡು ಬಡತನದ ಮನೆಯಾದರೂ ಅಲ್ಲೊಂದು ಬ್ಯಾಟರಿ ರೇಡಿಯೊ ಇತ್ತು. ಅದೇ ಮಗುವಿನ ಮೊದಲ ಗುರು. ಮೂರು ವರ್ಷ ತುಂಬುವ ಮೊದಲೇ ಮಿಠಾಯಿ ಅಂಗಡಿಯ ಕಟ್ಟೆಯ ಮೇಲೆ ನಿಂತು ಹಾಡಿ ಚಿಲ್ಲರೆ ಕಾಸು, ಮಿಠಾಯಿ ಗಳಿಸುತ್ತಿದ್ದಳಂತೆ.

1953ರಲ್ಲಿ ತಂದೆ ಕಟ್ಟಡ ಕೆಲಸದ ಸ್ಥಳದಲ್ಲಿ ನಡೆದ ಅಪಘಾತದಲ್ಲಿ ತೀರಿಕೊಂಡರು. ಮಗಳಿಗೆ ಆಗ ಎಂಟು ವರ್ಷ. ಅಲ್ಲಿಂದ ಹಾಡು ಬರೀ ಆಟವಾಗಿ ಉಳಿಯಲಿಲ್ಲ. ಸಮಾರಂಭಗಳಲ್ಲಿ, ಸ್ಥಳೀಯ ರೇಡಿಯೊ ಮತ್ತು ಟಿ.ವಿ.ಯಲ್ಲಿ ಹಾಡಿ ತಂದ ಹಣದಿಂದಲೇ ಮನೆ ನಡೆಯತೊಡಗಿತು. ಹತ್ತು ವರ್ಷವಾಗುವ ಹೊತ್ತಿಗೆ ಕುಟುಂಬದ ಮುಖ್ಯ ಸಂಪಾದನೆ ಅವಳದೇ ಆಗಿತ್ತು. ಮಕ್ಕಳು ಮನೆಯ ಭಾರ ಹೊರುವುದನ್ನು ನಾವು ಮೆಚ್ಚುತ್ತೇವೆ. ಆದರೆ ಆ ಭಾರ ಹೊರುವ ಮಗುವಿಗೆ 'ಇವತ್ತು ಬೇಡ' ಎನ್ನುವ ಸ್ವಾತಂತ್ರ್ಯ ಇರುತ್ತದೆಯೇ? ಇದನ್ನೂ ನಾವು ಕೇಳಿಕೊಳ್ಳಬೇಕು.

ಏಳಿಗೆ

1955ರ ಫೆಬ್ರವರಿಯಲ್ಲಿ ಪ್ರಸಿದ್ಧ ಕಂಟ್ರಿ ಗಾಯಕ ರೆಡ್ ಫೋಲಿ ತಮ್ಮ ತಂಡದೊಂದಿಗೆ ಜಾರ್ಜಿಯಾದ ಆಗಸ್ಟಾ ನಗರಕ್ಕೆ ಬಂದಿದ್ದರು. ಬ್ರೆಂಡಾ ಅಂದು 30 ಡಾಲರ್ ಸಿಗುವ ಒಂದು ರೇಡಿಯೊ ಕಾರ್ಯಕ್ರಮವನ್ನು ಬಿಟ್ಟು ಅಲ್ಲಿಗೆ ಹೋದಳು. ಫೋಲಿ ಅವಳ ಕಂಠ ಕೇಳಿ ಅದೇ ರಾತ್ರಿ ವೇದಿಕೆ ಹತ್ತಿಸಿದರು. ಹ್ಯಾಂಕ್ ವಿಲಿಯಮ್ಸ್ ಅವರ 'ಜಂಬಲಾಯ' ಹಾಡಿದ ಹುಡುಗಿಯನ್ನು ಸಭಿಕರು ಸುಲಭವಾಗಿ ಬಿಡಲಿಲ್ಲ. ಮಾರ್ಚ್ ತಿಂಗಳ ಕೊನೆಗೆ ಫೋಲಿಯವರ 'ಓಜಾರ್ಕ್ ಜೂಬಿಲಿ' ಟಿ.ವಿ. ಕಾರ್ಯಕ್ರಮದ ಮೂಲಕ ದೇಶವೇ ಅವಳನ್ನು ಕಂಡಿತು. ಮರುವರ್ಷ ಡೆಕ್ಕಾ ಒಪ್ಪಂದವಾಯಿತು. 1957ರಲ್ಲಿ ಬಂದ 'ಡೈನಮೈಟ್' ಹಾಡಿನಿಂದ 'ಲಿಟಲ್ ಮಿಸ್ ಡೈನಮೈಟ್' ಎಂಬ ಬಿರುದು ಸಿಕ್ಕಿತು. ಅವಳ ಎತ್ತರ ಐದು ಅಡಿಯನ್ನೂ ಮುಟ್ಟಲಿಲ್ಲ!

1959ರಲ್ಲಿ ಪ್ಯಾರಿಸ್‌ನ ಒಲಿಂಪಿಯಾ ರಂಗಮಂದಿರದಲ್ಲಿ ಅವಳ ಕಾರ್ಯಕ್ರಮ ನಿಗದಿಯಾಯಿತು. ಈ ಸಲ ವಯಸ್ಸಿನ ಲೆಕ್ಕ ತಿರುಗುಮುರುಗಾಯಿತು. ಈಕೆ ಮಗುವಲ್ಲ, 32 ವರ್ಷದ ಕುಬ್ಜೆ ಎಂಬ ಸುದ್ದಿಯನ್ನು ಅವಳ ಮ್ಯಾನೇಜರ್ ಪ್ರಚಾರಕ್ಕಾಗಿ ಹಬ್ಬಿಸಿದರು. ಅವಳ ನಿಜವಾದ ವಯಸ್ಸು 14. ಒಂದು ಕಡೆ ಒಂಬತ್ತು, ಇನ್ನೊಂದು ಕಡೆ ಮೂವತ್ತೆರಡು. ಮಾರುಕಟ್ಟೆಗೆ ಯಾವುದು ಬೇಕೋ ಅದು. ಹುಡುಗಿಯ ಸ್ವಂತ ವಯಸ್ಸು ಎಲ್ಲಿಯೂ ಲೆಕ್ಕಕ್ಕೆ ಬರಲಿಲ್ಲ.

15ನೇ ವಯಸ್ಸಿನಲ್ಲಿ ಅವಳು ಹಾಡಿದ 'ಐ ಆಮ್ ಸಾರಿ' 1960ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯ ತುದಿಗೇರಿತು. ಮುರಿದ ಪ್ರೇಮದ ಹಾಡನ್ನು ಇಷ್ಟು ಎಳೆಯ ಹುಡುಗಿಯ ಬಾಯಲ್ಲಿ ಕೇಳಿಸುವುದು ಸರಿಯೇ ಎಂದು ಕಂಪನಿಯವರೇ ಬಿಡುಗಡೆಗೆ ಮೊದಲು ಹಿಂದುಮುಂದು ನೋಡಿದ್ದರು.

ಬಹಳಷ್ಟು ಬಾಲಪ್ರತಿಭೆಗಳು ದೊಡ್ಡವರಾದ ಮೇಲೆ ಮರೆಯಾಗುತ್ತಾರೆ. ಬ್ರೆಂಡಾ ಹಾಗಾಗಲಿಲ್ಲ. 1970ರ ದಶಕದಲ್ಲಿ ಕಂಟ್ರಿ ಹಾಡುಗಳಿಗೆ ಮರಳಿ ಮತ್ತೆ ಗೆದ್ದರು. 1997ರಲ್ಲಿ ಕಂಟ್ರಿ ಸಂಗೀತದ ಹಾಲ್ ಆಫ್ ಫೇಮ್, 2002ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಪಡೆದರು. ಈ ಎರಡೂ ಗೌರವ ಪಡೆದ ಮೊದಲ ಮಹಿಳೆ ಅವರೇ. 13ನೇ ವಯಸ್ಸಿನಲ್ಲಿ, 1958ರಲ್ಲಿ, ಹಾಡಿದ್ದ ಒಂದು ಕ್ರಿಸ್‌ಮಸ್ ಹಾಡು 65 ವರ್ಷಗಳ ನಂತರ, 2023ರ ಡಿಸೆಂಬರ್‌ನಲ್ಲಿ, ಪಟ್ಟಿಯ ಮೊದಲ ಸ್ಥಾನಕ್ಕೆ ಬಂದಾಗ ಅವರಿಗೆ 78 ವರ್ಷ.

ಗಳಿಕೆ ಯಾರದು?

ಎಲ್ಲರ ಕಥೆಯೂ ಹೀಗೆ ಮುಗಿಯುವುದಿಲ್ಲ. ಲಿಯಾನ್ ರೈಮ್ಸ್ ಎಂಬ ಕಂಟ್ರಿ ಗಾಯಕಿ 13ನೇ ವಯಸ್ಸಿನಲ್ಲಿ 'ಬ್ಲೂ' ಹಾಡಿನಿಂದ ಪ್ರಸಿದ್ಧಳಾದಳು. 14ನೇ ವಯಸ್ಸಿನಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆದಳು. 2000ರಲ್ಲಿ ತನ್ನ ಗಳಿಕೆಯ ಹಣಕ್ಕಾಗಿ ಸ್ವಂತ ತಂದೆಯ ಮೇಲೆಯೇ ಮೊಕದ್ದಮೆ ಹೂಡಿದಳು. ಕೊನೆಗೆ ಅದು ರಾಜಿಯಲ್ಲಿ ಮುಗಿಯಿತು.

ಇದಕ್ಕೂ ಹಳೆಯ ಉದಾಹರಣೆ ಚಾರ್ಲಿ ಚಾಪ್ಲಿನ್ ಅವರ 'ದಿ ಕಿಡ್' ಚಿತ್ರದ ಬಾಲನಟ ಜ್ಯಾಕಿ ಕೂಗನ್. ಲಕ್ಷಾಂತರ ಡಾಲರ್ ದುಡಿದಿದ್ದ ಆತ ದೊಡ್ಡವನಾದಾಗ ಹಣ ಖರ್ಚಾಗಿ ಹೋಗಿತ್ತು. 1938ರಲ್ಲಿ ತಾಯಿ ಮತ್ತು ಮಲತಂದೆಯ ವಿರುದ್ಧ ನ್ಯಾಯಾಲಯಕ್ಕೆ ಹೋದ ಆತನ ಕೈಗೆ ಸಿಕ್ಕಿದ್ದು ಸುಮಾರು 1,26,000 ಡಾಲರ್ ಮಾತ್ರ. ಈ ಪ್ರಕರಣದಿಂದಾಗಿ ಬಾಲಕಲಾವಿದರ ಗಳಿಕೆಯ ಒಂದು ಪಾಲನ್ನು ಅವರಿಗಾಗಿ ಕಾದಿರಿಸಲು ಕ್ಯಾಲಿಫೋರ್ನಿಯಾ ರಾಜ್ಯ 1939ರಲ್ಲಿ ಕಾನೂನು ಮಾಡಿತು.

ನಮ್ಮ ದೇಶದಲ್ಲೂ ಇಂಥ ನಿಯಮವಿದೆ ಎಂಬುದು ಹಲವರಿಗೆ ಗೊತ್ತಿಲ್ಲ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಗಿ 2017ರಲ್ಲಿ ನಿಯಮಗಳು ಬಂದವು. ಅವುಗಳಲ್ಲಿ 14 ವರ್ಷದೊಳಗಿನ ಬಾಲಕಲಾವಿದರ ಬಗ್ಗೆ ಮುಖ್ಯವಾದವು ಹೀಗಿವೆ:

1. ದಿನಕ್ಕೆ 5 ಗಂಟೆಗಿಂತ ಹೆಚ್ಚು ಕೆಲಸ ಮಾಡಿಸಬಾರದು. ವಿಶ್ರಾಂತಿಯಿಲ್ಲದೆ 3 ಗಂಟೆ ಮೀರಬಾರದು.
2. ಸತತ 27 ದಿನಗಳಿಗಿಂತ ಹೆಚ್ಚು ದುಡಿಸಬಾರದು.
3. ಗಳಿಕೆಯ ಕನಿಷ್ಠ ಶೇ. 20ನ್ನು ಮಗುವಿನ ಹೆಸರಿನಲ್ಲೇ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ ಇಡಬೇಕು.
4. ಮಗುವಿನ ಶಿಕ್ಷಣ ನಿಲ್ಲಬಾರದು.

ಟಿ.ವಿ.ಯ ಸ್ಪರ್ಧೆಗಳಲ್ಲಿ ಪುಟ್ಟ ಮಕ್ಕಳು ಹಾಡುವಾಗ ನಾವು ಮನಸಾರೆ ಚಪ್ಪಾಳೆ ತಟ್ಟುತ್ತೇವೆ. ಅದರಲ್ಲಿ ತಪ್ಪಿಲ್ಲ. ಆದರೆ ಸೋತ ಮಗು ಕ್ಯಾಮೆರಾದ ಮುಂದೆ ಅತ್ತಾಗ ಅದನ್ನೂ ಮನರಂಜನೆಯಾಗಿ ನೋಡುತ್ತಿದ್ದೇವೆಯೇ? ಮನೆಯಲ್ಲಿ ಚೆನ್ನಾಗಿ ಹಾಡುವ ತಂಗಿಯೋ ತಮ್ಮನೋ ಇದ್ದರೆ ಅವರನ್ನು ಹುರಿದುಂಬಿಸಿ. ಜೊತೆಗೆ ಅವರ ಆಟ, ಪಾಠ, ನಿದ್ದೆಯನ್ನೂ ಕಾಪಾಡಿ. ಪ್ರತಿಭೆ ಮಗುವಿನ ಸ್ವತ್ತು, ನಾವು ಅದರ ಕಾವಲುಗಾರರು ಮಾತ್ರ.

ಯೋಚಿಸಿ, ಚರ್ಚಿಸಿ

1. ಬ್ರೆಂಡಾಳ ವಯಸ್ಸನ್ನು ಒಮ್ಮೆ ಇಳಿಸಿ, ಒಮ್ಮೆ ಏರಿಸಿ ಹೇಳಿದ್ದೇಕೆ? ಇದರಿಂದ ಲಾಭ ಯಾರಿಗೆ?
2. ಮನೆಯ ಕಷ್ಟಕ್ಕೆ ಮಗು ನೆರವಾಗುವುದಕ್ಕೂ ಮಗುವನ್ನು ದುಡಿಸುವುದಕ್ಕೂ ಇರುವ ವ್ಯತ್ಯಾಸವೇನು?
3. ಗಳಿಕೆಯ ಶೇ. 20 ಮಾತ್ರ ಮಗುವಿಗಾಗಿ ಉಳಿಸಿದರೆ ಸಾಕೇ? ನಿಮ್ಮ ಅಭಿಪ್ರಾಯವನ್ನು ಕಾರಣಸಹಿತ ಬರೆಯಿರಿ.