ಸಾವಿ ಅಕ್ಕಿ ಯಾಕಿಷ್ಟು ದುಬಾರಿ?

ಪ್ರಶ್ನೆ: ನಮ್ಮ ಅಜ್ಜಿಯ ಕಾಲಕ್ಕೆ ಸಾವಿ ಅನ್ನ ಅಂದರೆ ಬಡವರ ಊಟ. ಈಗ ಹುಬ್ಬಳ್ಳಿ ಅಂಗಡಿಗಳಲ್ಲಿ ಸಾವಿ ಅಕ್ಕಿ ಸೋನಾಮಸೂರಿಗಿಂತ ತುಟ್ಟಿ. ನಮ್ಮ ಜಿಲ್ಲೆಯಲ್ಲೇ ಬೆಳೆಯುವ ಧಾನ್ಯಕ್ಕೆ ಹೀಗ್ಯಾಕೆ?
— ಓದುಗರೊಬ್ಬರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಸಾವಿಯ (ಸಾಮೆಯ) ಬೆಲೆ ಏರುವುದು ಹೊಲ ದಾಟಿದ ಮೇಲೆ, ಸಿಪ್ಪೆ ಬಿಡಿಸುವ ಹಂತದಲ್ಲಿ. ಜೋಳ, ರಾಗಿಯನ್ನು ಹಸನು ಮಾಡಿ ನೇರ ಗಿರಣಿಗೆ ಒಯ್ಯಬಹುದು. ಸಾವಿ, ನವಣೆಗೆ ಗಟ್ಟಿ ಸಿಪ್ಪೆ. ಅದನ್ನು ಬೀಸಿ, ಕುಟ್ಟಿ, ಮೊರದಲ್ಲಿ ಕೇರಿ ಅಕ್ಕಿ ಮಾಡುತ್ತಿದ್ದವರು ನಿಮ್ಮ ಅಜ್ಜಿಯಂಥ ಹೆಣ್ಣುಮಕ್ಕಳು. ಆ ದುಡಿಮೆಗೆ ಯಾರೂ ಕೂಲಿ ಕಟ್ಟಲಿಲ್ಲ. ಅದಕ್ಕೇ ಸಾವಿ ಅಗ್ಗವಾಗಿತ್ತು. ಪಡಿತರದ ಅಕ್ಕಿ ಬಂದಾಗ ಅವರು ಒನಕೆ ಕೆಳಗಿಟ್ಟರು. ಅದರಲ್ಲಿ ಎಳ್ಳಷ್ಟೂ ತಪ್ಪಿಲ್ಲ. ಆದರೆ ಒನಕೆ ಇದ್ದ ಜಾಗಕ್ಕೆ ಊರಿಗೊಂದು ಯಂತ್ರ ಬರಲಿಲ್ಲ. ಹೀಗಾಗಿ ಸಾವಿ ದೂರದ ಗಿರಣಿಗೆ ಹೋಗಿ, ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಸಿಪ್ಪೆ, ನುಚ್ಚಾಗಿ ಕಳೆದು, ಪೊಟ್ಟಣದಲ್ಲಿ ನಿಮ್ಮೂರಿಗೆ ಮರಳುತ್ತದೆ.

ಇತ್ತ ಎರೆಹೊಲಗಳನ್ನು ಹತ್ತಿ, ಗೋವಿನಜೋಳ, ಹೆಸರು ಆವರಿಸಿದವು. 1972ರ ವರಲಕ್ಷ್ಮಿ ಹತ್ತಿ ಧಾರವಾಡದಲ್ಲೇ ಹುಟ್ಟಿದ ಹೈಬ್ರಿಡ್. ಹತ್ತಿಗೆ ಜಿನ್ನಿಂಗ್ ಗಿರಣಿಗಳಿದ್ದವು, ಹುಬ್ಬಳ್ಳಿಯ ಪೇಟೆ ಇತ್ತು. ಹೆಸರಿಗೆ, ಗೋವಿನಜೋಳಕ್ಕೆ ಬೆಂಬಲ ಬೆಲೆ ಇದೆ. ಕೇಂದ್ರದ ಬೆಂಬಲ ಬೆಲೆಯ ಪಟ್ಟಿಯಲ್ಲಿ ಜೋಳ, ಸಜ್ಜೆ, ರಾಗಿ ಸೇರಿವೆ. ಸಾವಿ, ನವಣೆ, ಬರಗ ಸೇರಿಲ್ಲ. ಭಾರತವೇ ಮುಂದೆ ನಿಂತು 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಸಾರುವಂತೆ ಮಾಡಿತು. ಆ ವರ್ಷವೂ ಪಟ್ಟಿ ಹಾಗೆಯೇ ಉಳಿಯಿತು. ರಾಜ್ಯದ ರೈತಸಿರಿ ಯೋಜನೆ ಕಿರುಧಾನ್ಯ ಬೆಳೆಯುವವರಿಗೆ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ಇಟ್ಟಿತು. ಒಳ್ಳೆಯದೇ, ಆದರೆ ರಾಶಿ ಮಾಡಿದ ಮೇಲೆ ಕೊಳ್ಳುವವರು ಯಾರು? ಛತ್ತೀಸಗಡ ಕೇಂದ್ರಕ್ಕೆ ಕಾಯದೆ ಕೋದೋ, ಕುಟ್ಕಿಗೆ ತಾನೇ ಬೆಂಬಲ ಬೆಲೆ ಸಾರಿ ಖರೀದಿಗಿಳಿಯಿತು. ಕೋದೋ ಅಂದರೆ ಹಾರಕ, ಕುಟ್ಕಿ ಅಂದರೆ ನಮ್ಮ ಸಾವಿಯೇ. ಕರ್ನಾಟಕಕ್ಕೂ ಇದು ಅಸಾಧ್ಯವಲ್ಲ.

ಯಂತ್ರ ಊರಿಗೇ ಬಂದರೆ ಏನಾಗುತ್ತದೆ ಎಂದು ನೋಡಲು ನೀವು ದೂರ ಹೋಗಬೇಕಿಲ್ಲ. ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದಲ್ಲಿ 2018ರಲ್ಲಿ 15 ಹೆಣ್ಣುಮಕ್ಕಳು ಸೇರಿ ಬೀಬಿ ಫಾತಿಮಾ ಸ್ವಸಹಾಯ ಸಂಘ ಕಟ್ಟಿದರು. ಸಹಜ ಸಮೃದ್ಧ ಸಂಸ್ಥೆಯ ನೆರವಿನಿಂದ ದೇಸಿ ತಳಿಗಳ ಬೀಜ ಬ್ಯಾಂಕ್ ಮಾಡಿದರು, ಸಿರಿಧಾನ್ಯ ಸಂಸ್ಕರಣಾ ಘಟಕವನ್ನು ತಾವೇ ನಡೆಸುತ್ತಿದ್ದಾರೆ. ಬೀಜಕ್ಕೆ ಕಂಪನಿಯತ್ತ, ಅಕ್ಕಿ ಮಾಡಿಸಲು ಪರವೂರಿನತ್ತ ನೋಡುವ ಅಗತ್ಯವಿಲ್ಲ. ಹಿಂದೆ ಕೂಲಿಯೇ ಇಲ್ಲದಿದ್ದ ಕೆಲಸಕ್ಕೆ ಈಗ ಅದೇ ಹೆಣ್ಣುಮಕ್ಕಳ ಕೈಗೆ ದುಡ್ಡು ಬರುತ್ತದೆ. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ. 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಈ ಸಂಘಕ್ಕೆ ಈಕ್ವೇಟರ್ ಪ್ರಶಸ್ತಿ ಕೊಟ್ಟಿತು. ಧಾರವಾಡ ಜಿಲ್ಲೆಯ ಊರೂರಿನಲ್ಲಿ ಇಂಥದ್ದೊಂದು ಘಟಕ ಏಕಿಲ್ಲ ಎಂದು ನಾವು ಕೇಳಬೇಕು.

ಕೊಳ್ಳುವವರು ಎಲ್ಲಿದ್ದಾರೆ ಎಂಬುದಕ್ಕೂ ಉತ್ತರ ನಿಮ್ಮ ಹತ್ತಿರದಲ್ಲೇ ಇದೆ. ರಾಯಾಪುರದ ಅಕ್ಷಯ ಪಾತ್ರ ಪ್ರತಿಷ್ಠಾನದ ಅಡುಗೆಮನೆಯಲ್ಲಿ ಲಕ್ಷಕ್ಕೂ ಹೆಚ್ಚು ಶಾಲಾ ಮಕ್ಕಳಿಗೆ ಬಿಸಿಯೂಟ ಬೇಯುತ್ತದೆ. ವಾರಕ್ಕೊಮ್ಮೆ ಸಾವಿ ಅನ್ನವೆಂದು ಸರ್ಕಾರ ತೀರ್ಮಾನಿಸಿದರೆ, ಮಗುವಿಗೆ 100 ಗ್ರಾಂ ಲೆಕ್ಕದಲ್ಲಿ ವಾರಕ್ಕೆ 100 ಕ್ವಿಂಟಲ್ ಅಕ್ಕಿ ಬೇಕು. ಶಾಲೆ ನಡೆಯುವ 40 ವಾರಕ್ಕೆ 4,000 ಕ್ವಿಂಟಲ್. ಸಿಪ್ಪೆ ಸಮೇತ ಸುಮಾರು 6,000. ಎಕರೆಗೆ 4 ಕ್ವಿಂಟಲ್ ಹಿಡಿದರೂ 1,500 ಎಕರೆಯ ಸಾವಿಗೆ ಬಿತ್ತುವ ಮೊದಲೇ ಗಿರಾಕಿ ಸಿಕ್ಕಂತಾಯಿತು. ಅಲ್ಲಿಯವರೆಗೆ ಸಾವಿ ಕೊಳ್ಳುವಾಗ ಯಾವ ಊರಿನದು, ಎಲ್ಲಿ ಅಕ್ಕಿ ಮಾಡಿಸಿದ್ದು ಎಂದು ಅಂಗಡಿಯವರನ್ನು ಕೇಳಿ. ಕುಂದಗೋಳದ ಕಡೆಯದು ಸಿಕ್ಕರೆ ಅದನ್ನೇ ಒಯ್ಯಿರಿ.