ಹತ್ತು ಗುಂಟೆಗೆ ಗಟ್ಟಿ ಬೇಲಿ: ಮಲೆನಾಡಿನಲ್ಲಿ ಆಡು ಸಾಕಲು ಹೊರಟವರಿಗೆ

ಬಯಲುಸೀಮೆಯವರು ಆಡಿಗೆ ಹಾಕುವ ಬೇಲಿ ನಮ್ಮ ಮಲೆನಾಡಿನ ಮಂಡಗದ್ದೆಗೆ ಹೊಂದುವುದಿಲ್ಲ. ಅಲ್ಲಿ ನಾಲ್ಕು ಕಲ್ಲುಕಂಬ ನೆಟ್ಟು ಜಾಲಿ ಮುಳ್ಳು ಒಟ್ಟಿದರೆ ವರ್ಷಗಟ್ಟಲೆ ಹಾಗೇ ಇರುತ್ತದೆ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಿಡಿದು ಹೊಡೆಯುವ ಮಳೆ, ಮುಳ್ಳನ್ನು ಒಂದೇ ವರ್ಷಕ್ಕೆ ಕೊಳೆಸುವ ಥಂಡಿ, ಬೆನ್ನ ಹಿಂದೆ ಶೆಟ್ಟಿಹಳ್ಳಿ ಅಭಯಾರಣ್ಯದ ಕಾಡು, ಮುಂದೆ ತುಂಗೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಬಹುಪಾಲು ಊರುಗಳ ಕಥೆಯೂ ಇದೇ. ಅಡಿಕೆ ತೋಟದ ಜೊತೆಗೆ ಹತ್ತು ಹದಿನೈದು ಆಡು, ಒಂದಿಷ್ಟು ನಾಟಿ ಕೋಳಿ ಸಾಕೋಣ ಎಂದು ಹೊರಟ ಹೊಸಬರು ಮೊದಲು ಖರ್ಚು ಮಾಡುವುದು ಬೇಲಿಗೆ. ಅಲ್ಲೇ ದುಡ್ಡು ಹೆಚ್ಚು ಪೋಲಾಗುವುದೂ ಹೌದು. ಇಡೀ ಜಮೀನಿಗೆ ತೆಳು ಬೇಲಿ ಎಳೆಯುವ ಬದಲು ಚಿಕ್ಕ ಜಾಗಕ್ಕೆ ಗಟ್ಟಿ ಬೇಲಿ ಹಾಕಿ ಎಂಬುದೇ ನನ್ನ ಖಚಿತ ಸಲಹೆ.

ಹಂತ 1: ಯಾರನ್ನು ತಡೆಯಬೇಕು ಎಂದು ನಿರ್ಧರಿಸಿ

ಬೇಲಿಗೆ ಇಲ್ಲಿ ಮೂರು ಕೆಲಸ. ಆಡು ಹೊರಗೆ ಹೋಗಿ ಪಕ್ಕದವರ ಅಡಿಕೆ ಸಸಿ, ಬಾಳೆ ತಿನ್ನಬಾರದು. ಬೀದಿನಾಯಿ ಒಳಗೆ ಬರಬಾರದು. ಆಡು ಕಾಡಿಗೆ ನುಗ್ಗಬಾರದು. ಮೂರನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2018–19ರಲ್ಲಿ ಸಾಗರದ ಅರಳಗೋಡು ಭಾಗ ಅದರಿಂದ ನರಳಿತು. ಅದನ್ನು ಹರಡುವ ಉಣುಗು ಕಾಡಿನಲ್ಲಿ ತಿರುಗಿದ ಜಾನುವಾರಿನ ಮೈಗೆ ಹತ್ತಿಕೊಂಡು ಮನೆ ಅಂಗಳಕ್ಕೆ ಬರುತ್ತದೆ. ಆಡನ್ನು ಬೇಲಿಯೊಳಗೆ ಇಟ್ಟು ಸೊಪ್ಪು ತಂದು ಹಾಕಿದರೆ ಆ ದಾರಿ ಬಹಳಷ್ಟು ಮುಚ್ಚುತ್ತದೆ.

ಚಿರತೆಯ ಮಾತು ಬೇರೆ. ಐದು ಅಡಿ ಬೇಲಿ ಅದಕ್ಕೆ ಲೆಕ್ಕಕ್ಕಿಲ್ಲ, ಆಡನ್ನು ಕಚ್ಚಿಕೊಂಡೇ ಹಾರಬಲ್ಲದು. ಆದ್ದರಿಂದ ಬೇಲಿ ಹಗಲಿನ ಕಾವಲಿಗೆ, ರಾತ್ರಿಗೆ ಮೇಲೂ ಸುತ್ತಲೂ ಮುಚ್ಚಿದ ಕೊಟ್ಟಿಗೆ. ಈ ಎರಡನ್ನೂ ಒಂದೇ ಬೇಲಿಯಿಂದ ಸಾಧಿಸಲು ಹೋದರೆ ಖರ್ಚು ದುಪ್ಪಟ್ಟಾಗುತ್ತದೆ, ಆಡೂ ಉಳಿಯುವುದಿಲ್ಲ.

ಹಂತ 2: ಜಾಗ ಅಳೆಯಿರಿ, ಚೌಕವಾಗಿ ಹಿಡಿಯಿರಿ

ದೊಡ್ಡ ಆಡೊಂದಕ್ಕೆ ಕೊಟ್ಟಿಗೆಯೊಳಗೆ 10ರಿಂದ 12 ಚದರಡಿ, ಹೊರಗೆ ಓಡಾಡಲು ಅದರ ಎರಡರಷ್ಟು ಜಾಗ ಸಾಕು. ಇಪ್ಪತ್ತು ಆಡಿಗೆ ಹತ್ತು ಗುಂಟೆ ಧಾರಾಳವಾಯಿತು. ಅಷ್ಟು ಇದ್ದರೆ ನಡುವೆ ಒಂದು ಅಡ್ಡಬೇಲಿ ಹಾಕಿ ಎರಡು ಭಾಗ ಮಾಡಿ, ಬದಲಿಸಿ ಬದಲಿಸಿ ಬಿಡಬಹುದು. ಒದ್ದೆ ಹುಲ್ಲಿನಲ್ಲಿ ಬೆಳೆಯುವ ಜಂತುಹುಳುವಿನ ಕಾಟ ತಗ್ಗಿಸಲು ಇದು ಒಳ್ಳೆಯ ಉಪಾಯ.

ಜಾಗದ ಆಕಾರದಲ್ಲೇ ದುಡ್ಡು ಉಳಿಸಬಹುದು. ಒಂದು ಗುಂಟೆ ಎಂದರೆ 33 ಅಡಿಗೆ 33 ಅಡಿ, 1,089 ಚದರಡಿ. ಹತ್ತು ಗುಂಟೆಯನ್ನು ಸುಮಾರು 105 ಅಡಿಗೆ 104 ಅಡಿ ಚೌಕವಾಗಿ ಹಿಡಿದರೆ ಸುತ್ತಳತೆ 418 ಅಡಿ. ಅದೇ ಹತ್ತು ಗುಂಟೆ ತೋಟದ ಅಂಚಿನಲ್ಲಿ 50 ಅಡಿ ಅಗಲದ ಉದ್ದ ಪಟ್ಟಿಯಾಗಿದ್ದರೆ 536 ಅಡಿ ಬೇಲಿ ಬೇಕು. ನೂರಾ ಹದಿನೆಂಟು ಅಡಿ ಮೆಶ್, ಹದಿನೈದು ಕಂಬ ಸುಮ್ಮನೆ ಹೆಚ್ಚಾಯಿತು.

ಹೊಳೆಯಂಚಿನ ಗದ್ದೆ ಬಯಲು ಬೇಡ. ತುಂಗೆ ಏರಿದಾಗ ನೀರು ನಿಲ್ಲುವ ನೆಲದಲ್ಲಿ ಆಡಿನ ಗೊರಸು ಕೊಳೆಯುತ್ತದೆ, ಕಂಬದ ಬುಡ ಸಡಿಲಾಗುತ್ತದೆ. ನೀರು ಜಾರಿ ಹೋಗುವ ಸಣ್ಣ ಇಳಿಜಾರು ಹುಡುಕಿ. ಸರ್ವೆ ಗಡಿಯನ್ನು ಮೊದಲು ಖಚಿತ ಮಾಡಿಕೊಳ್ಳಿ. ಸೊಪ್ಪಿನಬೆಟ್ಟದಲ್ಲಿ ಸೊಪ್ಪು ತರುವ ಹಕ್ಕಿದೆ ಎಂದ ಮಾತ್ರಕ್ಕೆ ಅಲ್ಲಿ ಶಾಶ್ವತ ಬೇಲಿ ಹಾಕುವಂತಿಲ್ಲ.

ಹಂತ 3: ಕಂಬ ಆರಿಸಿ

ಮಲೆನಾಡಿನಲ್ಲಿ ಬೇಲಿ ಸಾಯುವುದು ನೆಲಮಟ್ಟದಲ್ಲಿ. ಮರದ ಕಂಬವೊಂದನ್ನು ಮೂರನೇ ಮಳೆಗಾಲದ ಕೊನೆಗೆ ಕಿತ್ತು ನೋಡಿ. ಮೇಲಿನ ಭಾಗ ಗಟ್ಟಿಯಾಗಿರುತ್ತದೆ, ಎರಡಡಿ ಆಳದ ತುದಿಯೂ ಪರವಾಗಿಲ್ಲ ಎನ್ನುವಂತಿರುತ್ತದೆ. ಮಣ್ಣಿಗೂ ಗಾಳಿಗೂ ನಡುವಿನ ಒಂದು ಗೇಣು ಮಾತ್ರ ಉಗುರಿನಿಂದ ಕೆರೆದರೆ ಪುಡಿಯಾಗುತ್ತದೆ. ಹಾಗಾಗಿ ಮರದ ಕಂಬ ಹಾಕುವುದಾದರೆ ಆ ಭಾಗವನ್ನು ಸುಟ್ಟು ಕಪ್ಪು ಮಾಡಿ, ಮೇಲೆ ಗೇರೆಣ್ಣೆ ಬಳಿಯಿರಿ. ನೆಲದಿಂದ ಅರ್ಧ ಅಡಿ ಮೇಲಕ್ಕೆ ಬಂದರೆ ಸಾಕು, ಪೂರ್ತಿ ಕಂಬಕ್ಕೆ ಬೇಡ. ಆಡು ಕಂಬ ನೆಕ್ಕುತ್ತದೆ, ಸಿಪ್ಪೆ ಸುಲಿಯುತ್ತದೆ. ಗೇರೆಣ್ಣೆ ನಿಮ್ಮ ಕೈಗೂ ತಾಗಬಾರದು, ಚರ್ಮ ಸುಟ್ಟು ಗುಳ್ಳೆ ಏಳುತ್ತದೆ. ಬಳಿದ ಕಂಬ ಚೆನ್ನಾಗಿ ಒಣಗಿದ ಮೇಲೆಯೇ ಆಡನ್ನು ಅತ್ತ ಬಿಡಿ.

ಅಡಿಕೆ ದಬ್ಬೆ ಮನೆಯಲ್ಲೇ ಸಿಗುತ್ತದೆ ಎಂದು ಅದನ್ನೇ ಗೂಟವಾಗಿ ಹುಗಿಯುವವರಿದ್ದಾರೆ. ನೆಲಕ್ಕೆ ತಾಗಿದ ದಬ್ಬೆ ಎರಡು ಮಳೆಗಾಲ ದಾಟುವುದು ಕಷ್ಟ. ಅದನ್ನು ನೆಲ ಬಿಟ್ಟು, ಅಡ್ಡಪಟ್ಟಿಯಾಗಿ ಬಳಸಿ. ಕೊಟ್ಟಿಗೆಯ ಅಟ್ಟಣಿಗೆ ನೆಲಕ್ಕೆ, ಗೇಟಿಗೆ, ಅಡ್ಡಬೇಲಿಗೆ ಅದರಷ್ಟು ಅಗ್ಗದ ಒಳ್ಳೆ ಸಾಮಾನು ಬೇರಿಲ್ಲ.

ಸುತ್ತಿನ ಬೇಲಿಗೆ ನನ್ನ ಆಯ್ಕೆ ಸಿಮೆಂಟ್ ಕಂಬ ಅಥವಾ ಕಲ್ಲುಕಂಬ. ಏಳು ಅಡಿ ಕಂಬದಲ್ಲಿ ಎರಡಡಿ ನೆಲದೊಳಗೆ, ಐದಡಿ ಮೇಲೆ. ಎಂಟು ಅಡಿಗೊಂದು ನೆಟ್ಟರೆ 418 ಅಡಿಗೆ ಐವತ್ತೆರಡು ಮೂರು ಕಂಬ. ಖರ್ಚು ತಗ್ಗಿಸಬೇಕು ಎಂದರೆ ಮೂಲೆಗೆ, ಗೇಟಿಗೆ, ನಡುನಡುವೆ ಮೂರಕ್ಕೊಂದರಂತೆ ಸಿಮೆಂಟ್ ಕಂಬ ಹಾಕಿ, ಉಳಿದ ಜಾಗಕ್ಕೆ ಹಾಲವಾಣದ ಅಥವಾ ಗೊಬ್ಬರದ ಗಿಡದ ಗೂಟ ನೆಡಿ. ಮೃಗಶಿರ ಮಳೆ ಹಿಡಿಯುವ ಹೊತ್ತಿಗೆ ನೆಟ್ಟ ಗೂಟ ಚಿಗುರಿ ಜೀವಂತ ಕಂಬವಾಗುತ್ತದೆ. ಬೇರು ಬಿಡುವವರೆಗೆ ಅದಕ್ಕೆ ಮೆಶ್ ಎಳೆದು ಕಟ್ಟಬೇಡಿ, ಸುಮ್ಮನೆ ತಾಗಿಸಿ ಬಿಡಿ. ಬಿದಿರು, ಮರದ ಗೂಟ ಕಾಡಿನಿಂದ ಕಡಿದು ತರುವ ಯೋಚನೆ ಬೇಡ. ಕೇಸು ಬಿದ್ದರೆ ಬೇಲಿಗಿಂತ ಹೆಚ್ಚು ಖರ್ಚು.

ಹಂತ 4: ಮೆಶ್ ಆರಿಸಿ

ಮುಳ್ಳುತಂತಿಯನ್ನು ಆಡಿಗೆ ಹಾಕಲೇಬೇಡಿ. ದನಕ್ಕೆ ಸರಿ. ಆಡು ತಂತಿಯ ನಡುವೆ ನುಸುಳಲು ನೋಡುತ್ತದೆ, ಕೆಚ್ಚಲು ಕಿವಿ ಹರಿದುಕೊಳ್ಳುತ್ತದೆ. ಮಳೆಗಾಲದಲ್ಲಿ ಆ ಗಾಯಕ್ಕೆ ಹುಳ ಬೀಳುವುದು ಎರಡೇ ದಿನದ ಮಾತು. ಅಷ್ಟಾಗಿಯೂ ಮರಿಗಳು ಹೊರಗೇ ಇರುತ್ತವೆ.

ಚೈನ್‌ಲಿಂಕ್ ಮೆಶ್ ಹೊಸಬರಿಗೆ ಸುಲಭ. ಅಂಗಡಿಯಲ್ಲಿ ಎರಡು ಮಾತು ಕೇಳಿ: ಕಣ್ಣು ಎಷ್ಟು ಇಂಚು, ತಂತಿ ಎಷ್ಟು ಗೇಜು. ಗೇಜಿನ ಅಂಕಿ ಹೆಚ್ಚಿದಷ್ಟೂ ತಂತಿ ತೆಳು. 10 ಗೇಜು ಅಂದರೆ ಸುಮಾರು 3.2 ಮಿಲಿಮೀಟರ್, 12 ಗೇಜು 2.6, 14 ಗೇಜು 2. ಅಗ್ಗವೆಂದು 14 ಗೇಜು ತಂದರೆ ಹೋತ ಮೈಯುಜ್ಜಿಯೇ ಅದನ್ನು ಹೊಟ್ಟೆ ಬರಿಸುತ್ತದೆ. 12 ಗೇಜಿಗಿಂತ ತೆಳುವಿಗೆ ಇಳಿಯಬೇಡಿ. ತಂತಿಗೆ ಸತುವಿನ ಲೇಪ ಚೆನ್ನಾಗಿರಬೇಕು, ನಮ್ಮ ಥಂಡಿಗೆ ಬಡಕಲು ಲೇಪ ಬೇಗ ತುಕ್ಕು ಹಿಡಿಯುತ್ತದೆ. ಬಿಲ್ಲಿನಲ್ಲಿ ಗೇಜು ಬರೆಸಿಕೊಳ್ಳಿ.

ಕಣ್ಣಿನ ಅಳತೆ ಇದಕ್ಕಿಂತ ಮುಖ್ಯ. ಕೊಂಬಿನ ಆಡು ಐದಾರು ಇಂಚಿನ ಕಣ್ಣಿನಲ್ಲಿ ಹೊರಗಿನ ಸೊಪ್ಪಿಗೆ ತಲೆ ತೂರಿಸುತ್ತದೆ. ಹೋಗುವಾಗ ಕೊಂಬು ಹಿಂದಕ್ಕೆ ಮಲಗಿರುತ್ತದೆ, ವಾಪಸ್ ಎಳೆಯುವಾಗ ತಂತಿಗೆ ಸಿಕ್ಕುತ್ತದೆ. ನಾಯಿ ಬಂದರೆ ಅಲ್ಲೇ ಮುಗಿಯಿತು. ನಾಲ್ಕಿಂಚಿನದರಲ್ಲಿ ವಾರದ ಮರಿ ನುಸುಳುತ್ತದೆ. ಎರಡು ಅಥವಾ ಮೂರಿಂಚು ಸರಿಯಾದ ಅಳತೆ. ಎತ್ತರ ನಾಲ್ಕಡಿ ಕನಿಷ್ಠ, ಐದಡಿ ನೆಮ್ಮದಿ. ಕೋಳಿಯೂ ಅದೇ ಆವರಣದಲ್ಲಿದ್ದರೆ ಕೆಳಗಿನ ಎರಡಡಿಗೆ ಮಾತ್ರ ಅರ್ಧ ಇಂಚಿನ ಸಣ್ಣ ಮೆಶ್ ಒಳಗಿನಿಂದ ಕಟ್ಟಿ. ಮುಂಗುಸಿ, ಹಾವು ಬರುವ ದಾರಿ ಕೆಳಗಿನದೇ. ಕೋಳಿ ರಾತ್ರಿ ಗೂಡಿನಲ್ಲೇ ಇರಲಿ.

ಹಂತ 5: ಮೂಲೆ ಗಟ್ಟಿ ಮಾಡಿ, ಆಮೇಲೆ ಮೆಶ್ ಎಳೆಯಿರಿ

ಅಡಿಕೆ ಕೊಯ್ಲು ಮುಗಿದ ಮೇಲೆ, ಬೇಸಿಗೆಯ ಒಂದೆರಡು ಅಡ್ಡಮಳೆ ಬಿದ್ದು ನೆಲ ಮೆದುವಾದಾಗ ಗುಂಡಿ ತೋಡಿ. ಎಳೆತದ ಭಾರವೆಲ್ಲ ಬೀಳುವುದು ನಾಲ್ಕು ಮೂಲೆಯ ಮೇಲೆ. ಪ್ರತಿ ಮೂಲೆಗಂಬಕ್ಕೂ ಬೇಲಿ ಓಡುವ ಎರಡೂ ದಿಕ್ಕಿನಲ್ಲಿ ಓರೆಯಾಗಿ ಆಸರೆ ಕಂಬ ಕೊಟ್ಟು, ಬುಡಕ್ಕೆ ಜಲ್ಲಿ ಸಿಮೆಂಟು ಹಾಕಿ ವಾರ ನೀರುಣಿಸಿ. ಈ ಎಂಟು ಆಸರೆ ಕಂಬಕ್ಕೆ ಚೌಕಾಸಿ ಮಾಡಬೇಡಿ. ಕೆಲಸದವರು ಒಂದೇ ದಿನದಲ್ಲಿ ನೆಟ್ಟು ಸಂಜೆಗೇ ಮೆಶ್ ಬಿಗಿಯಲು ಅವಸರ ಮಾಡಿದರೂ ನೀವು ಒಪ್ಪಬೇಡಿ, ಹಸಿ ಕಾಂಕ್ರೀಟಿನಲ್ಲಿ ಎಳೆದ ಕಂಬ ಒಳಕ್ಕೆ ವಾಲುತ್ತದೆ.

ಮೊದಲು ಮೇಲೆ, ನಡುವೆ, ಕೆಳಗೆ ಮೂರು ಸಾಲು ದಪ್ಪ ತಂತಿ ಬಿಗಿದು, ಅದಕ್ಕೆ ಮೆಶ್ ಕಟ್ಟಿ. ಮೆಶ್ ಕಂಬದ ಒಳಮುಖಕ್ಕೆ, ಅಂದರೆ ಆಡು ಇರುವ ಬದಿಗೆ ಬರಲಿ. ಆಡು ಮುಂಗಾಲು ಎತ್ತಿ ಮೆಶ್ಶಿನ ಮೇಲಿಟ್ಟು ನಿಲ್ಲುವುದು ಅದರ ಹುಟ್ಟುಗುಣ. ಒಳಮುಖದಲ್ಲಿದ್ದರೆ ಆ ಭಾರ ಕಂಬಕ್ಕೆ ಬೀಳುತ್ತದೆ. ಹೊರಮುಖದಲ್ಲಿದ್ದರೆ ಕಟ್ಟುತಂತಿ ಒಂದೊಂದೇ ಬಿಚ್ಚಿಕೊಂಡು ಕೆಳಗಿನ ಅಂಚು ಮೇಲೇಳುತ್ತದೆ.

ಆ ಕೆಳಗಿನ ಅಂಚೇ ನಾಯಿಯ ಬಾಗಿಲು, ಕಾಡುಹಂದಿಯದೂ ಅದೇ. ಮೆಶ್ಶನ್ನು ಮಣ್ಣಿನೊಳಗೆ ಹುಗಿದರೆ ತುಕ್ಕು ಹಿಡಿಯುತ್ತದೆ. ಅದಕ್ಕೆ ಬದಲು ಅಂಚಿನುದ್ದಕ್ಕೂ ಹೊರಗಿನಿಂದ ಜಂಬಿಟ್ಟಿಗೆ ಕಲ್ಲಿನ ಒಂದು ಸಾಲು ಒತ್ತಾಗಿ ಕೂರಿಸಿ. ಒಡೆದ ತುಂಡು ಕಲ್ಲಾದರೂ ನಡೆಯುತ್ತದೆ. ಒಳಗಿನಿಂದ ಕಲ್ಲು ಪೇರಿಸಬೇಡಿ, ಅದನ್ನೇ ಮೆಟ್ಟಿಲು ಮಾಡಿಕೊಂಡು ಆಡು ಹಾರುತ್ತದೆ. ಇದೇ ಕಾರಣಕ್ಕೆ ಬೇಲಿಯ ಒಳಬದಿಗೆ ಮರದ ದಿಮ್ಮಿ, ಮೇವಿನ ಗೊಂತು ಯಾವುದೂ ಐದಡಿ ಹತ್ತಿರ ಇರಬಾರದು. ಮಳೆನೀರಿನ ಕಾಲುವೆ ಬೇಲಿ ದಾಟುವಲ್ಲಿ ದಬ್ಬೆಯ ಪಟ್ಟಿಗಳನ್ನು ತಂತಿಗೆ ಪೋಣಿಸಿ ತೂಗುಬಿಡಿ. ನೀರು ತಳ್ಳಿಕೊಂಡು ಹೋಗುತ್ತದೆ, ಕಸ ಕಟ್ಟಿ ಬೇಲಿ ಕೀಳುವುದಿಲ್ಲ.

ಹಂತ 6: ಗೇಟು

ನಮ್ಮ ಉಣುಗೋಲು ದನ ತಡೆಯಲು ಮಾಡಿದ್ದು. ಆಡಿಗೆ ಅದು ಬಾಗಿಲೇ ಅಲ್ಲ. ಕಬ್ಬಿಣದ ಚೌಕಟ್ಟಿಗೆ ಮೆಶ್ ಕಟ್ಟಿದ ಗೇಟು, ಇಲ್ಲವೇ ಒತ್ತಾಗಿ ದಬ್ಬೆ ಹೊಡೆದ ಗೇಟು ಬೇಕು. ಅಡಿಯಲ್ಲಿ ಮೂರಿಂಚಿಗಿಂತ ಹೆಚ್ಚು ಸಂದು ಇರಬಾರದು. ಒಳಕ್ಕೆ ತೆರೆಯುವಂತಿದ್ದರೆ ಆಡುಗಳು ನೂಕಿದಷ್ಟೂ ಮುಚ್ಚಿಕೊಳ್ಳುತ್ತದೆ. ಚಿಲಕ ಹೊರಗಡೆ, ಜೊತೆಗೆ ಒಂದು ಕೊಕ್ಕೆ. ತುಟಿಯಲ್ಲಿ ಆಡಿಸಿ ಚಿಲಕ ತೆಗೆಯುವ ಆಡು ಹಿಂಡಿಗೊಂದು ಇದ್ದೇ ಇರುತ್ತದೆ. ಗೇಟು ಇಳಿಜಾರಿನ ಮೇಲ್ಬದಿಗೆ ಇರಲಿ, ಕೆಳಬದಿಗೆ ಇಟ್ಟರೆ ಜುಲೈನಲ್ಲಿ ಮೊಣಕಾಲು ಕೆಸರು.

ಹಂತ 7: ಜೀವಂತ ಬೇಲಿ ಮೆಶ್ಶಿನ ಹೊರಗೆ

ಗೊಬ್ಬರದ ಗಿಡವನ್ನು ಮೆಶ್ಶಿನಿಂದ ಮೂರಡಿ ಹೊರಗೆ, ಒಂದಡಿಗೊಂದರಂತೆ ಸಾಲು ನೆಡಿ. ಒಳಗೆ ನೆಟ್ಟರೆ ಚಿಗುರು ಉಳಿಯುವುದಿಲ್ಲ. ಎರಡನೇ ವರ್ಷದಿಂದ ಸವರಿದ ಸೊಪ್ಪೇ ಮೇವು. ಒಮ್ಮೆಲೇ ಹೊಟ್ಟೆ ತುಂಬ ಕೊಡಬೇಡಿ, ಬಾಡಿಸಿ, ಬೇರೆ ಸೊಪ್ಪಿನ ಜೊತೆ ಬೆರೆಸಿ ರೂಢಿ ಮಾಡಿಸಿ. ನಡುವೆ ಲಕ್ಕಿ ಗಿಡ ಬರಲಿ, ಆಡು ಅದನ್ನು ಅಷ್ಟಾಗಿ ಮುಟ್ಟುವುದಿಲ್ಲ, ಬೇಲಿ ದಟ್ಟವಾಗುತ್ತದೆ. ಕಣಗಿಲೆ ಮಾತ್ರ ಬೇಡವೇ ಬೇಡ. ಅದರ ಕೆಲವು ಎಲೆ ತಿಂದರೂ ಆಡು ಸಾಯುತ್ತದೆ. ಲಂಟಾನವೂ ವಿಷ, ಯಕೃತ್ತು ಕೆಡಿಸುತ್ತದೆ. ಬೇಲಿ ಸಾಲಿನಲ್ಲಿ ತಾನೇ ಹುಟ್ಟಿದ್ದರೆ ಬುಡಸಹಿತ ಕಿತ್ತುಹಾಕಿ. ಒಣ ತರಗೆಲೆಯನ್ನು ಬೇಲಿಯ ಬುಡದಲ್ಲಿ ರಾಶಿ ಬಿಡಬೇಡಿ, ಉಣುಗಿಗೆ ಅದೇ ಮನೆ.

ಹಂತ 8: ಐಬೆಕ್ಸ್ ಬೇಕೇ?

ಸೋಲಾರ್ ಬೇಲಿಗೆ ನಮ್ಮ ಕಡೆ ಐಬೆಕ್ಸ್ ಎನ್ನುವುದೇ ರೂಢಿ. ಆಡಿಗೆ ಅದೊಂದನ್ನೇ ನಂಬಬೇಡಿ. ಆಷಾಢದಲ್ಲಿ ವಾರಗಟ್ಟಲೆ ಬಿಸಿಲಿಲ್ಲದೆ ಬ್ಯಾಟರಿ ಸೊರಗುತ್ತದೆ, ಹುಲ್ಲು ಬೆಳೆದು ತಂತಿಗೆ ತಾಗಿ ಶಾಕ್ ನೆಲಕ್ಕಿಳಿಯುತ್ತದೆ. ಆದರೆ ಮೆಶ್ಶಿನ ಒಳಬದಿಗೆ ಆಡಿನ ಮೂಗಿನ ಎತ್ತರಕ್ಕೆ ಒಂದೇ ಎಳೆ ಹಾಕಿದರೆ ಆಡು ಮೆಶ್ ಮೇಲೆ ಕಾಲಿಡುವುದನ್ನು ಬಿಡುತ್ತದೆ, ಬೇಲಿಯ ಆಯುಷ್ಯ ಹೆಚ್ಚುತ್ತದೆ. ಕ್ಷಣಮಾತ್ರ ಮಿಡಿದು ನಿಲ್ಲುವ ಸರಿಯಾದ ಯಂತ್ರದಿಂದಲೇ ಕರೆಂಟ್ ಕೊಡಿ. ಮೆಸ್ಕಾಂ ಲೈನಿನಿಂದ ನೇರ ತಂತಿಗೆ ಕರೆಂಟ್ ಬಿಡುವುದು ಅಪರಾಧ. ಸೊಪ್ಪಿಗೆ ಹೋದ ಹೆಂಗಸರು, ಶಾಲೆ ಮಕ್ಕಳು ಆ ತಂತಿ ತುಳಿಯುತ್ತಾರೆ.

ಹಂತ 9: ವಾರಕ್ಕೊಂದು ಸುತ್ತು

ದೊಡ್ಡ ಗಾಳಿ ಮಳೆ ಆದ ಮರುದಿನ ಬೆಳಿಗ್ಗೆ, ಅದಿಲ್ಲದಿದ್ದರೆ ವಾರಕ್ಕೊಮ್ಮೆ, ಕಟ್ಟುತಂತಿ, ಇಕ್ಕಳ, ಕತ್ತಿ ಹಿಡಿದು ಬೇಲಿಯ ಸುತ್ತ ನಡೆಯಿರಿ. ಕಲ್ಲು ಜಾರಿದ ಕಡೆ, ಹೊಸದಾಗಿ ಮಣ್ಣು ಕೆರೆದ ಕಡೆ, ಮೆಶ್ಶಿಗೆ ಕೂದಲು ಸಿಕ್ಕಿದ ಕಡೆ ನಿಂತು ಅಲ್ಲೇ ಸರಿಮಾಡಿ. ಬೇಲಿಗೆ ವಾಲಿದ ಮರದ ಕೊಂಬೆಯನ್ನು ಬೇಸಿಗೆಯಲ್ಲೇ ಸವರಿಡಿ. ಅಷ್ಟಾಗಿಯೂ ಕಾಡುಪ್ರಾಣಿಯಿಂದ ಆಡು ಸತ್ತರೆ ಹೆಣ ಕದಲಿಸದೆ ಅರಣ್ಯ ಇಲಾಖೆಗೆ, ಪಶುವೈದ್ಯರಿಗೆ ಅಂದೇ ತಿಳಿಸಿ, ಫೋಟೊ ತೆಗೆದಿಡಿ. ಪರಿಹಾರಕ್ಕೆ ಆ ಪಂಚನಾಮೆ ಮತ್ತು ವೈದ್ಯರ ವರದಿ ಬೇಕಾಗುತ್ತದೆ.