ರಾಷ್ಟ್ರಧ್ವಜಕ್ಕೆ ಗೌರವ, ಯೋಧರಿಗೆ ನಮನ

ಆಗಸ್ಟ್ 15 ಮತ್ತು ಜನವರಿ 26ರಂದು ನಾವೆಲ್ಲರೂ ಧ್ವಜವಂದನೆ ಮಾಡುತ್ತೇವೆ. ಎಮಿರೇಟ್ಸ್‌ನಲ್ಲಿ ಓದುವ ನಮಗೆ ಧ್ವಜದ ಪಾಠ ಹೇಳುವ ಇನ್ನೊಂದು ದಿನವೂ ಇದೆ. ಅದು ನವೆಂಬರ್ 30, ಯು.ಎ.ಇ.ಯ ಹುತಾತ್ಮರ ಸ್ಮರಣೆಯ ದಿನ. 1971ರ ಆ ದಿನ ಗ್ರೇಟರ್ ಟುಂಬ್ ದ್ವೀಪಕ್ಕೆ ಇರಾನಿನ ಸೇನೆ ಬಂದಿಳಿಯಿತು. ಅಲ್ಲಿ ಕಾವಲಿದ್ದ ರಾಸ್ ಅಲ್ ಖೈಮಾದ ಪೊಲೀಸ್ ಸಾಲಿಂ ಸುಹೈಲ್ ಧ್ವಜ ಇಳಿಸಲು ಒಪ್ಪದೆ ಪ್ರಾಣ ಕೊಟ್ಟನೆಂದು ಇಲ್ಲಿಯವರು ಇಂದಿಗೂ ನೆನೆಯುತ್ತಾರೆ. ಎಮಿರೇಟ್ಸ್ ಒಕ್ಕೂಟ ಹುಟ್ಟಲು ಆಗ ಇನ್ನೂ ಎರಡು ದಿನ ಬಾಕಿ ಇತ್ತು!

ಇಂಥದೇ ಕಥೆ ನಮ್ಮ ಕನ್ನಡ ನಾಡಿನಲ್ಲೂ ಇದೆ. ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಸೈನಿಕರಲ್ಲ, ಹಳ್ಳಿಯ ಸಾಮಾನ್ಯ ಜನ. ಜಲಿಯನ್‌ವಾಲಾ ಬಾಗ್ ಗೊತ್ತಿರುವ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ವಿದುರಾಶ್ವತ್ಥ ಗೊತ್ತು? ರಜೆಯಲ್ಲಿ ಊರಿಗೆ ಹೋದಾಗ ತಂದೆತಾಯಿಯರು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಬೇಕೆಂದು ನಮ್ಮ ಕೋರಿಕೆ.

1947ರ ಜುಲೈ 22ರಂದು ಸಂವಿಧಾನ ಸಭೆ ಇಂದಿನ ತ್ರಿವರ್ಣ ಧ್ವಜವನ್ನು ಒಪ್ಪಿಕೊಂಡಿತು. ಅದರ ಉದ್ದ ಮೂರು ಪಾಲಾದರೆ ಅಗಲ ಎರಡು ಪಾಲು. ನಡುವಿನ ಅಶೋಕ ಚಕ್ರಕ್ಕೆ 24 ಕಡ್ಡಿಗಳು. ಧ್ವಜ ಬಳಸುವ ಕ್ರಮವನ್ನು 2002ರ ಧ್ವಜ ಸಂಹಿತೆ ತಿಳಿಸುತ್ತದೆ. ಅದರಲ್ಲಿ ಕೆಲವು ಬದಲಾವಣೆಗಳೂ ಆಗಿವೆ. 2021ರಿಂದ ಪಾಲಿಯೆಸ್ಟರ್ ಬಟ್ಟೆಗೆ ಒಪ್ಪಿಗೆ ಸಿಕ್ಕಿತು. 2022ರಿಂದ ಮನೆಯ ಮೇಲೆ ರಾತ್ರಿಯೂ ಧ್ವಜ ಹಾರಿಸಬಹುದು. ಆದರೂ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಹೊಲಿಯುವ ಖಾದಿ ಧ್ವಜದ ಘನತೆಯೇ ಬೇರೆ ಎಂದು ನಮಗೆ ಅನಿಸುತ್ತದೆ.

ಶೋಕಾಚರಣೆಯಲ್ಲಿ ಧ್ವಜವನ್ನು ನೇರವಾಗಿ ಅರ್ಧಕ್ಕೆ ಏರಿಸಿ ನಿಲ್ಲಿಸುವಂತಿಲ್ಲ. ಮೊದಲು ಕಂಬದ ತುದಿಗೆ ಏರಿಸಿ, ಆಮೇಲೆ ಅರ್ಧಕ್ಕೆ ತರಬೇಕು. ಸಂಜೆ ಇಳಿಸುವ ಮೊದಲೂ ಮತ್ತೊಮ್ಮೆ ತುದಿ ಮುಟ್ಟಿಸಬೇಕು. ಹುತಾತ್ಮ ಯೋಧನ ಶವಪೆಟ್ಟಿಗೆಯ ಮೇಲೆ ಹೊದಿಸುವಾಗ ಕೇಸರಿ ಬಣ್ಣ ತಲೆಯ ಕಡೆಗಿರಬೇಕು. ಆ ಧ್ವಜವನ್ನು ಗುಂಡಿಗೆ ಇಳಿಸುವುದಿಲ್ಲ, ಚಿತೆಯಲ್ಲಿ ಸುಡುವುದೂ ಇಲ್ಲ. ಮಡಿಸಿ ಮನೆಯವರ ಕೈಗೆ ಕೊಡುತ್ತಾರೆ.

ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ನೆನೆಯೋಣ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಯೋಧರು ಹೂತುಹೋದರು. ಸುಮಾರು 19,600 ಅಡಿ ಎತ್ತರದಲ್ಲಿ, ಆರು ದಿನಗಳ ನಂತರ, ಹನುಮಂತಪ್ಪ ಜೀವಂತವಾಗಿ ಸಿಕ್ಕರು! ದೇಶವೆಲ್ಲ ಪ್ರಾರ್ಥಿಸಿತು. ಆದರೆ ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ರಾಷ್ಟ್ರಧ್ವಜಗಳನ್ನು ಹೊಲಿಯುವ ಹುಬ್ಬಳ್ಳಿಯಲ್ಲೇ ಜನ ಸಾಲುಗಟ್ಟಿ ಅವರ ಅಂತಿಮ ದರ್ಶನ ಪಡೆದರು.

ದೆಹಲಿಯ ಇಂಡಿಯಾ ಗೇಟ್ ಬಳಿ 2019ರಲ್ಲಿ ತೆರೆದ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಸ್ವತಂತ್ರ ಭಾರತಕ್ಕಾಗಿ ಮಡಿದ 25,000ಕ್ಕೂ ಹೆಚ್ಚು ಯೋಧರ ಹೆಸರುಗಳನ್ನು ಕೆತ್ತಿದ್ದಾರೆ. ಅಬುಧಾಬಿಯ ದೊಡ್ಡ ಮಸೀದಿಯ ಎದುರಿಗಿರುವ ವಾಹತ್ ಅಲ್ ಕರಾಮಾ ಇಲ್ಲಿಯ ಯೋಧರ ಸ್ಮಾರಕ. ಅಲ್ಲಿ ಒಂದಕ್ಕೊಂದು ಒರಗಿ ನಿಂತ 31 ಫಲಕಗಳಿವೆ. ಮಸೀದಿ ನೋಡಲು ಹೋದವರು ರಸ್ತೆ ದಾಟಿ ಇದನ್ನೂ ನೋಡಬಹುದು.

ಇನ್ನು ನಮ್ಮ ಕೈಯ ಕಾಗದದ ಧ್ವಜಗಳ ವಿಷಯ. ಕಾರ್ಯಕ್ರಮ ಮುಗಿದು ಸಿಹಿ ಹಂಚಿದ ಮೇಲೆ ಅವು ಬಸ್ಸಿನ ಸೀಟಿನ ಕೆಳಗೆ ಬಿದ್ದಿರುವುದನ್ನು ನಾವೆಲ್ಲ ನೋಡಿದ್ದೇವೆ. ಅವನ್ನು ನೆಲಕ್ಕೆ ಎಸೆಯಬಾರದು, ಮರೆಯಲ್ಲಿ ಗೌರವದಿಂದ ವಿಲೇವಾರಿ ಮಾಡಬೇಕೆಂದು ಸಂಹಿತೆಯೇ ಹೇಳುತ್ತದೆ. ಮುಂದಿನ ಆಗಸ್ಟ್ 15ಕ್ಕೆ ಪ್ರತಿ ಬಸ್ಸಿನಲ್ಲೂ ಒಂದು ಪೆಟ್ಟಿಗೆ ಇಟ್ಟು, ಧ್ವಜಗಳನ್ನು ಎಣಿಸಿ ವಾಪಸು ಪಡೆಯುವ ಕೆಲಸವನ್ನು ದೊಡ್ಡ ತರಗತಿಯವರು ವಹಿಸಿಕೊಳ್ಳಲಿ.